ಬೀಗವಿಲ್ಲದ ಬೀಗರ ಗಾಡಿ

ಬಸ್ ನಿಲ್ದಾಣದ ಎದುರಿಗೆ ತಗಡು ಹೊದಿಸಿದ ಉದ್ದನೆಯ ಚಪ್ಪರವೊಂದಿದೆ. ಅದೇ ಗಾಡಿ ಸ್ಟ್ಯಾಂಡು. ಬೆಳಿಗ್ಗೆ ಬಸ್ಸು ಹತ್ತಿ ಬೇರೆ ಊರಿಗೆ ಕೆಲಸಕ್ಕೆ ಹೋಗುವವರು ತಮ್ಮ ಮೋಟರ್ ಸೈಕಲ್ಲನ್ನು ಇಲ್ಲಿ ಬಿಟ್ಟು, ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ಈ ಸ್ಟ್ಯಾಂಡಿನ ಒಡತಿಗೆ ಹೆತ್ತವರು ಇಟ್ಟ ಹೆಸರು ಯಾವುದೋ ಇರಬೇಕು. ಊರು ಇಟ್ಟದ್ದು ಮಾತ್ರ ನಲ್ಲಿ ಅಕ್ಕ ಅಂತ. ಹೊಸಬರು ಈ ಹೆಸರು ಕೇಳಿ, ಯಾವುದೋ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ಜಗಳಕ್ಕೆ ನಿಲ್ಲುವ ಹೆಂಗಸಿರಬೇಕು ಎಂದುಕೊಳ್ಳುತ್ತಾರೆ. ಜಗಳದ ಮಾತು ಸುಳ್ಳಲ್ಲ. ನಲ್ಲಿ ಮಾತ್ರ ಬೇರೆ.

ಹಳೇ ಮೋಟರ್ ಸೈಕಲ್ಲುಗಳ ಪೆಟ್ರೋಲ್ ಟ್ಯಾಂಕಿನ ಹೊಟ್ಟೆಯ ಕೆಳಗೆ ಹೆಬ್ಬೆರಳಿನಷ್ಟು ಪುಟ್ಟದೊಂದು ತಿರುಪು ಇರುತ್ತದೆ; ಅದೇ ಈ ನಲ್ಲಿ. ಅದನ್ನು ತಿರುಗಿಸಿ ಮುಚ್ಚಿದರೆ ಟ್ಯಾಂಕಿನಿಂದ ಕೆಳಕ್ಕೆ ಪೆಟ್ರೋಲ್ ಇಳಿಯುವುದಿಲ್ಲ. ಆಗಲೇ ಇಳಿದಿರುವ ನಾಲ್ಕು ಹನಿ ಮುಗಿಯುವ ತನಕ ಗಾಡಿ ಏನೂ ಆಗದಂತೆ ಓಡಿ, ಆಮೇಲೆ ಮೊಂಡು ಎತ್ತಿನ ಹಾಗೆ ರಸ್ತೆ ನಡುವೆ ನಿಂತುಬಿಡುತ್ತದೆ. ಅಕ್ಕನಿಗೆ ಈ ತಿರುಪಿನ ಮೇಲೆ ಬಲು ನಂಬಿಕೆ. ಸ್ಟ್ಯಾಂಡಿಗೆ ಗಾಡಿ ಬಂದು ನಿಂತ ಕೂಡಲೇ ಅವಳ ಕೈ ತಾನಾಗಿ ಟ್ಯಾಂಕಿನ ಕೆಳಗೆ ಹೋಗಿ ಆ ನಲ್ಲಿಯನ್ನು ಮುಚ್ಚಿ ಬರುತ್ತದೆ. ಸಂಜೆ ಗಾಡಿ ಒಯ್ಯುವವರಿಗೆ, "ನಲ್ಲಿ ತಿರುಗಿಸ್ಕೊಳ್ಳಿ" ಎಂದು ಕೂಗುತ್ತಾಳೆ. ಅದು ಅವಳ ಬೀಳ್ಕೊಡುಗೆ.

ನಲ್ಲಿ ಇಲ್ಲದ ಹೊಸ ಗಾಡಿಗಳಿಗೆ ಅವಳ ಹತ್ತಿರ ಬೇರೆ ಮದ್ದಿದೆ. ಖಾಕಿ ಕೋಟು ತೊಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು ಬಂದವರನ್ನೆಲ್ಲ ಪರೀಕ್ಷೆ ಮಾಡುತ್ತಾಳೆ.

"ಏನ್ ಸಾರ್, ಹ್ಯಾಂಡಲ್ ಲಾಕ್ ಮಾಡಿದ್ರಾ?"

"ಮಾಡಿದೆ ಅಕ್ಕ."

"ಅಲ್ಲಾಡಿಸಿ ನೋಡಿದ್ರಾ? ಕೀಲಿ ತಿರುಗಿದ ಸದ್ದು ಬಂದ್ರೆ ಲಾಕ್ ಬಿತ್ತು ಅಂತಲ್ಲ. ಹಿಡಿದು ಅಲ್ಲಾಡಿಸಬೇಕು. ಸರಪಳಿ ಎಲ್ಲಿ?"

"ಚಕ್ರಕ್ಕೆ ಸುತ್ತಿದ್ದೀನಲ್ಲ."

"ಬರೀ ಚಕ್ರಕ್ಕೆ ಸುತ್ತಿದ್ರೆ ಇಬ್ಬರು ಬಂದು ಹೆಣ ಎತ್ತಿದ ಹಾಗೆ ಎತ್ಕೊಂಡು ಹೋಗ್ತಾರೆ. ಕಂಬ ಯಾಕಿದೆ ಇಲ್ಲಿ, ಬೆನ್ನು ಕೆರ್ಕೊಳ್ಳೋಕಾ? ಹಿಂದಿನ ಚಕ್ರ, ಗಾಡಿ ಮೈ, ಕಂಬ, ಮೂರನ್ನೂ ಸೇರಿಸಿ ಹಾಕಿ. ನಂಬರ್ ಎಷ್ಟು ಹೇಳಿ ನೋಡೋಣ?"

ಬ್ಯಾಂಕಿನ ಗುಮಾಸ್ತ ತಲೆ ಕೆರೆದುಕೊಂಡು ಬಗ್ಗಿ ನಂಬರ್ ಪ್ಲೇಟ್ ನೋಡಲು ಹೋಗುತ್ತಾನೆ. ಅಕ್ಕ ತಡೆಯುತ್ತಾಳೆ.

"ನೋಡ್ಕೊಂಡು ಹೇಳೋಕೆ ಗಾಡಿ ಎದುರಿಗಿರುತ್ತಾ ಕಳುವಾದ ದಿನ? ಹೆಂಡತಿ ಹುಟ್ಟಿದ ದಿನ ಮರೆತ್ರೆ ಒಂದು ಹೊತ್ತು ಬೈಗುಳ. ಗಾಡಿ ನಂಬರ್ ಮರೆತ್ರೆ ಗಾಡಿನೇ ಹೋಯ್ತು. ಕಾಗದಪತ್ರ ಸೀಟಿನ ಕೆಳಗೇ ಇಟ್ಟಿದ್ದೀರಾ? ಶಿವಶಿವಾ! ಮಗಳ ಜೊತೆ ಮನೇನೂ ಬರೆದುಕೊಟ್ಟ ಹಾಗೆ ಅದು. ಒಂದು ನಕಲು ಇಟ್ಕೊಂಡು ಮೂಲ ಮನೇಲಿಡಿ."

ಹೀಗೆ ಬೈಸಿಕೊಂಡವರು ಮರುದಿನ ಅಲ್ಲಿಗೇ ಬರುತ್ತಾರೆ. ಯಾಕೆಂದರೆ ನಿಲ್ದಾಣದ ಸುತ್ತ ಗಾಡಿ ಕದಿಯುವವರ ಕಾಟ ನೊಣದ ಹಾಗೆ. ಆದರೆ ಅಕ್ಕನ ಚಪ್ಪರದ ಕೆಳಗಿಂದ ಈ ತನಕ ಒಂದು ಗಾಡಿ ಕಾಣೆಯಾಗಿಲ್ಲ. ಇಷ್ಟಕ್ಕೂ ಅವಳಿಗೆ ಗಾಡಿ ಓಡಿಸಲು ಬಾರದು. "ಗೂರ್ಖನಿಗೆ ಅರಮನೆ ಯಾಕೆ?" ಎಂದು ನಗುತ್ತಾಳೆ.

ಸ್ಟ್ಯಾಂಡಿನ ಕಟ್ಟಳೆ ಸರಳ. ಒಂದೇ ಅಂಕಿಯ ಎರಡು ತಗಡಿನ ಬಿಲ್ಲೆಗಳು. ಒಂದನ್ನು ಹ್ಯಾಂಡಲಿಗೆ ತೂಗುಹಾಕುತ್ತಾಳೆ, ಇನ್ನೊಂದು ಗಾಡಿಯವನ ಕೈಗೆ. ಬಿಲ್ಲೆಗೆ ಬಿಲ್ಲೆ ಕೂಡದೆ ಗಾಡಿ ಹೊರಗೆ ಹೋಗುವಂತಿಲ್ಲ. ದೊಡ್ಡ ಸಾಹೇಬರಿರಲಿ, ಅವಳ ಸ್ವಂತ ತಮ್ಮನಿರಲಿ.

ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಹೋದಾಗ ಸ್ಟ್ಯಾಂಡು ನೋಡಿಕೊಳ್ಳುವವರು ಅವಳ ಯಜಮಾನರು. ಬಸ್ ಡಿಪೋದಲ್ಲಿ ಟೈರು ಉರುಳಿಸಿ ನಿವೃತ್ತರಾದವರು, ಬಂಗಾರದಂಥ ಮನುಷ್ಯ. ಒಂದೇ ದೋಷವೆಂದರೆ ಯಾರು ಏನೇ ಹೇಳಲಿ, "ಹೂಂ" ಎನ್ನುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟೋಣ, ಹೂಂ, ಎನ್ನುವ ಪೈಕಿ. ಅದಕ್ಕೇ ಅವರಿಗೆ ಹೂಂ ಅಣ್ಣ ಎಂದು ಹೆಸರು. ಗಾಡಿ ಕೊಡುವಾಗ "ನಲ್ಲಿ ತಿರುಗಿಸ್ಕೊಳ್ಳಿ" ಎಂದು ಹೇಳುವುದನ್ನು ಅವರು ದಿನಾ ಮರೆಯುತ್ತಾರೆ. ಹಳಬರಿಗೆ ಅದು ರೂಢಿಯಾಗಿ ತಾವೇ ತಿರುಗಿಸಿಕೊಳ್ಳುತ್ತಾರೆ. ಹೊಸಬರು ಮಾರುಕಟ್ಟೆ ತಿರುವಿನ ತನಕ ಹೋಗಿ, ಗಾಡಿ ನಿಂತು, ಬೆವರು ಸುರಿಸುತ್ತ ತಳ್ಳಿಕೊಂಡು ಬಂದು ಅಕ್ಕನಿಗೆ ಬಯ್ಯುತ್ತಾರೆ. ಅಕ್ಕ ಯಜಮಾನರಿಗೆ ಬಯ್ಯುತ್ತಾಳೆ. ಯಜಮಾನರು "ಹೂಂ" ಎನ್ನುತ್ತಾರೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬಾಳಿನಲ್ಲಿ ಒಂದು ದಿನ ಬೆಳಿಗ್ಗೆ ಬೀಗರು ಬಂದರು.

ಅಕ್ಕನ ಒಬ್ಬಳೇ ಮಗಳನ್ನು ಪಕ್ಕದ ಊರಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಮಗಳ ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನೆಟ್ಟನೆಯ ಬೆನ್ನು, ತಿರುಚಿದ ಮೀಸೆ, ಆ ಮೀಸೆಗೆಂದೇ ಜೇಬಿನಲ್ಲಿ ಒಂದು ಪುಟ್ಟ ಕಬ್ಬಿಣದ ಬಾಚಣಿಗೆ. ಅವರ ಕೆಂಪು ಮೋಟರ್ ಸೈಕಲ್ಲು ಅವರ ಮಗನಿಗಿಂತ ಹಿರಿಯದು. ಮದುವೆಯ ಮಾತುಕತೆಯಲ್ಲಿ ಹುಡುಗನ ಬಗ್ಗೆ ಹೇಳಿದ್ದಕ್ಕಿಂತ ಗಾಡಿಯ ಬಗ್ಗೆ ಹೇಳಿದ್ದೇ ಹೆಚ್ಚು. ಬೀಗರು ಎಂಬ ಮಾತಿಗೆ ಬೀಗುವವರು ಎಂದೇ ಅರ್ಥ ಇರಬೇಕು ಅಂತ ಅಕ್ಕನಿಗೆ ಆವತ್ತೇ ಅನಿಸಿತ್ತು. ಬಾಯಿಬಿಟ್ಟರೆ ಬಣ್ಣಗೇಡು, ಮಗಳನ್ನು ಕೊಟ್ಟ ಮನೆ ಎಂದು ಸುಮ್ಮನಿದ್ದಳು.

"ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಬೀಗ್ತಿಯವರೇ. ಬಸ್ಸಲ್ಲಿ ಹೋಗಿ ಸಂಜೆ ಬರ್ತೀನಿ. ಗಾಡಿ ಇಲ್ಲಿರಲಿ" ಎಂದರು.

"ಇರಲಿ ಇರಲಿ, ಇದು ನಿಮ್ಮ ಮನೆ ಅಲ್ವಾ" ಎಂದಳು ಅಕ್ಕ. ಅಂದವಳ ಕಣ್ಣು ಗಾಡಿಯ ಮೇಲೆ. ಹ್ಯಾಂಡಲ್ ನೆಟ್ಟಗಿದೆ, ಕೀಲಿ ಗಾಡಿಯಲ್ಲೇ ನೇತಾಡುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಚಪ್ಪರದ ತಗಡು ಹಾರುವಂತೆ ಕೂಗುತ್ತಿದ್ದಳು. ಈಗ ನಾಲಿಗೆ ಅಂಗುಳಕ್ಕೆ ಅಂಟಿತು. ಬೀಗರಿಗೆ "ಬೀಗ ಹಾಕಿ" ಅನ್ನುವುದು ಹೇಗೆ?

"ಅಲ್ಲ... ಕೀಲಿ..." ಎಂದು ಗೊಣಗಿದಳು.

"ಕೀಲಿ ಅಲ್ಲೇ ಇರಲಿ! ನನ್ನ ಗಾಡಿ ಮುಟ್ಟೋ ಗಂಡು ಹುಟ್ಟಿಲ್ಲ ಇನ್ನೂ."

"ಒಂದು ಸರಪಳಿ..."

"ಸರಪಳಿ ಹಾಕೋಕೆ ಅದೇನು ನಾಯಿನಾ, ಬೀಗ್ತಿಯವರೇ?" ಎಂದು ಮೀಸೆ ಬಾಚಿಕೊಂಡು ನಕ್ಕರು.

ಬಿಲ್ಲೆಯನ್ನು ಮೊಳೆಯಿಂದ ತೆಗೆದ ಕೈ ಹಾಗೇ ನಿಂತಿತು. ಬಿಲ್ಲೆ ಗಿರಾಕಿಗಳಿಗೆ ಕೊಡುವಂಥದ್ದು. ಬೀಗರ ಕೈಗೆ ತಗಡಿನ ಬಿಲ್ಲೆ ಇಟ್ಟರೆ, 'ನಿಮ್ಮಮ್ಮ ನನ್ನನ್ನು ಕಂಡವರ ಸಾಲಿಗೆ ಸೇರಿಸಿದಳು' ಎಂದು ನಾಳೆ ಮಗಳಿಗೆ ಒಂದು ಮಾತು ಬಂದರೆ? ಬಿಲ್ಲೆ ಮತ್ತೆ ಮೊಳೆಗೆ ಹೋಯಿತು. ಊರಿಗೆಲ್ಲ ಒಂದೇ ಕಟ್ಟಳೆ ಎನ್ನುತ್ತಿದ್ದ ಅಕ್ಕ ಅಂದು ಮರ್ಯಾದೆಗೆ ಸೋತು ಕಟ್ಟಳೆ ಮುರಿದಳು.

ಬೀಗರ ಬಸ್ಸು ಹೋದ ಮೇಲೆ ಸುಮ್ಮನಿರಲಾರದೆ ಗಾಡಿಯ ಹತ್ತಿರ ಹೋದಳು. ಹ್ಯಾಂಡಲ್ ಓರೆ ಮಾಡಿ ಕೀಲಿ ತಿರುಗಿಸಿದಳು. ಅದು ಖಾಲಿ ಪಾತ್ರೆಯಲ್ಲಿ ಸೌಟು ತಿರುಗಿದ ಹಾಗೆ ಸುಮ್ಮನೆ ಸುತ್ತಿತು. ಹ್ಯಾಂಡಲ್ ಅಲ್ಲಾಡಿಸಿದರೆ ಲಾಕ್ ಬಿದ್ದಿಲ್ಲ. 'ದೊಡ್ಡವರ ಗಾಡಿ, ಏನೋ ಬೇರೆ ಮರ್ಮ ಇರಬೇಕು, ನನಗೆ ತಿಳಿಯಲಿಲ್ಲ' ಎಂದುಕೊಂಡು ಕೀಲಿ ಕಿತ್ತು ತನ್ನ ಗೂಡಂಗಡಿಯಂಥ ಕೋಣೆಯ ಮೊಳೆಗೆ ಹಾಕಿದಳು. ಬರುವಾಗ ಕೈ ಮಾತ್ರ ರೂಢಿಯಂತೆ ಟ್ಯಾಂಕಿನ ಕೆಳಗೆ ಹೋಗಿ ಬಂತು. ಕೈಗೆ ಬೀಗರು ಯಾರು, ಗಿರಾಕಿ ಯಾರು?

ಮಧ್ಯಾಹ್ನ ಹೂಂ ಅಣ್ಣ ಬಂದರು. ಅಕ್ಕ ರಸ್ತೆ ದಾಟುತ್ತ, ಅವರ ಮಂದ ಕಿವಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದಳು: "ರೀ, ಆ ಕೆಂಪು ಗಾಡಿ ಬೀಗರದ್ದು! ಅದಕ್ಕೆ ಬಿಲ್ಲೆ ಇಲ್ಲ! ಕೀಲಿ ಮೊಳೇಲಿದೆ! ಬಂದು ಕೇಳಿದ್ರೆ ಮರ್ಯಾದೆಯಾಗಿ ಕೊಡಿ!"

"ಹೂಂ" ಎಂದರು ಅಣ್ಣ.

ಈ ಮಾತು ಅಣ್ಣನ ಕಿವಿಗೆ ಎಷ್ಟು ಬಿತ್ತೋ, ಪಕ್ಕದ ಟೀ ಅಂಗಡಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಟೀ ಕುಡಿಯುತ್ತಿದ್ದ ಒಬ್ಬನ ಕಿವಿಗಂತೂ ಪೂರ್ತಿ ಬಿತ್ತು. ಬೆಳಿಗ್ಗೆಯಿಂದ ಕಂಬಕ್ಕೆ ಕಟ್ಟಿದ ಗಾಡಿಗಳನ್ನು ನೋಡಿ ನೋಡಿ ಬೇಸತ್ತಿದ್ದ ಅವನಿಗೆ, ಹಸಿದವನ ಎಲೆಗೆ ಕರೆದು ಬಡಿಸಿದಂತಾಯಿತು. ಟೀ ಮುಗಿಸಿ, ಬಾಯಿ ಒರೆಸಿಕೊಂಡು ನೇರ ಬಂದ.

"ನಮಸ್ಕಾರ ಯಜಮಾನ್ರೇ. ಬೀಗರು ಕಳಿಸಿದ್ರು."

"ಹೂಂ?"

"ಬೀಗರು! ಬೇಗ ಬಂದ್ಬಿಟ್ರು. ಆಚೆ ಗೇಟಲ್ಲಿ ನಿಂತಿದ್ದಾರೆ, ಕಾಲು ಉಳುಕಿದೆಯಂತೆ. ಕೆಂಪು ಗಾಡಿ ತಗೊಂಡ್ಬಾ ಅಂದ್ರು."

"ಹೂಂ, ಹೂಂ" ಎಂದು ಅಣ್ಣ ಮೊಳೆಯಿಂದ ಕೀಲಿ ತೆಗೆದುಕೊಟ್ಟರು. ಬೀಗರ ಗಾಡಿ ಎಂದು ಸೀಟಿನ ಧೂಳು ಒರೆಸಿದರು. ಹಿಂದಿನಿಂದ ಒಂದು ಕೈ ಕೊಟ್ಟು ತಳ್ಳಿ ರಸ್ತೆಗೆ ಬಿಟ್ಟರು. "ಕಾಲು ನೋಡ್ಕೊಳ್ಳೋಕೆ ಹೇಳಪ್ಪ" ಎಂದೂ ಸೇರಿಸಿದರು. ಕಳ್ಳನಿಗೆ ಇಷ್ಟು ಉಪಚಾರ ಅವನ ಅತ್ತೆಮನೆಯಲ್ಲೂ ಸಿಕ್ಕಿರಲಾರದು. ನಲ್ಲಿಯ ಮಾತು ಮಾತ್ರ ಎಂದಿನಂತೆ ಮರೆತರು.

ಅಕ್ಕ ಊಟ ಮುಗಿಸಿ ಬಂದು ನೋಡುತ್ತಾಳೆ, ಕೆಂಪು ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಎರಡು ಹನಿ.

"ರೀ, ಬೀಗರ ಗಾಡಿ ಎಲ್ರೀ?"

"ಬೀಗರು ತರಿಸ್ಕೊಂಡ್ರಲ್ಲ. ಪಾಪ, ಕಾಲು ಉಳುಕಿದೆಯಂತೆ."

ಬೀಗರ ಬಸ್ಸು ಸಂಜೆಗೆ ಮುಂಚೆ ಬರುವುದೇ ಇಲ್ಲ ಎಂದು ಅಕ್ಕನಿಗೆ ಗೊತ್ತು. ಅವಳು ಅಲ್ಲೇ ಕಂಬ ಹಿಡಿದು ಕೂತಳು. ಊರಿಗೆಲ್ಲ ಶಕುನ ನುಡಿಯುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿದ್ದಿತ್ತು. ಸ್ಟ್ಯಾಂಡಿನ ಹೆಸರು ಹೋದರೆ ಹೋಗಲಿ, ಮತ್ತೆ ಕಟ್ಟಬಹುದು. ಆ ಮನೆಯಲ್ಲಿ ಮಗಳು ತಲೆಯೆತ್ತಿ ಓಡಾಡುವುದು ಹೇಗೆ? ಪ್ರತಿ ಸಲ ಆ ಗಾಡಿಯ ಮಾತು ಬಂದಾಗಲೂ ಅವಳ ಮುಖ ನೋಡುವುದಿಲ್ಲವೇ?

"ನಿಮಗೆ ಬುದ್ಧಿ ಬೇಡ್ವಾ? ಯಾರು ಏನು ಅಂತ ಕೇಳೋದು ಬೇಡ್ವಾ?"

"ನೀನೇ ಅಂದ್ಯಲ್ಲೇ, ಮರ್ಯಾದೆಯಾಗಿ ಕೊಡಿ ಅಂತ."

ಅಕ್ಕ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ಆ ಕಡೆಯವರು ಕೇಳಿದ ಮೊದಲ ಪ್ರಶ್ನೆಯೇ, "ಗಾಡಿ ನಂಬರ್ ಹೇಳಿ." ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಬೀದಿಯವರನ್ನೆಲ್ಲ ನಿಲ್ಲಿಸಿ ನಂಬರಿನ ಮಗ್ಗಿ ಹೇಳಿಸುತ್ತಿದ್ದವಳು, ಬೀಗರ ಗಾಡಿಯ ಹಿಂಭಾಗ ನೋಡುವುದೂ ಅಮರ್ಯಾದೆ ಎಂಬಂತೆ ನೋಡಿಯೇ ಇರಲಿಲ್ಲ. "ಈಗ ಹೇಳ್ತೀನಿ" ಎಂದು ಇಟ್ಟು ಮಗಳಿಗೆ ಹಚ್ಚಿದಳು.

"ನಿಮ್ಮ ಮಾವನ ಗಾಡಿ ನಂಬರ್ ಎಷ್ಟೇ?"

"ಯಾಕಮ್ಮಾ?"

"ಸುಮ್ನೆ."

"ನೀನು ಸುಮ್ನೆ ಅಂದ್ರೆ ಏನೋ ಆಗಿದೆ. ಹೇಳು, ಗಾಡಿ ಹೋಯ್ತಾ?"

"ಥೂ, ಬಿಡ್ತು ಅನ್ನು! ನನ್ನ ಸ್ಟ್ಯಾಂಡಿಂದ ಗಾಡಿ ಹೋಗುತ್ತಾ?" ಎಂದು ಅಕ್ಕ ಗದರಿದಳು. ಅಷ್ಟರಲ್ಲಿ ಇನ್ನೊಂದು ಕರೆ ಬರುತ್ತಿದೆ ಎಂದು ಫೋನು ಕಿರುಗುಟ್ಟಿತು. ನೋಡಿದರೆ ಎಣ್ಣೆಗೈ.

ಎಣ್ಣೆಗೈ ಎಂಬವನು ಮಾರುಕಟ್ಟೆ ತಿರುವಿನ ಆಚೆ ಏರುದಾರಿಯಲ್ಲಿರುವ ಮೆಕ್ಯಾನಿಕ್. ಅಕ್ಕನಿಗೂ ಅವನಿಗೂ ಹಳೇ ತಕರಾರು. "ನಿನ್ನ ಕಾಟಕ್ಕೆ ಊರಿನ ಗಾಡಿಗಳ ನಲ್ಲಿ ಎಲ್ಲ ಸವೆದುಹೋಗಿದೆ ಅಕ್ಕ, ಅದು ಬಿಟ್ಟು ಬೇರೆ ರಿಪೇರಿನೇ ಬರ್ತಿಲ್ಲ" ಎಂದು ಅವನು ಛೇಡಿಸುತ್ತಿದ್ದ. ಈಗ ಅವನ ದನಿ ಪಿಸುಪಿಸು.

"ಅಕ್ಕಾ, ಕೆಂಪು ಗಾಡಿ ಯಾರದ್ದು?"

ಅಕ್ಕ ದಡಕ್ಕನೆ ಎದ್ದಳು. "ಎಲ್ಲಿದೆಯೋ?"

"ನನ್ನ ಮುಂದೇನೇ ಇದೆ. ಒಬ್ಬ ತಳ್ಕೊಂಡು ಬಂದ. ಪೆಟ್ರೋಲ್ ತುಂಬಿದೆ, ಓಡ್ತಾ ಓಡ್ತಾ ನಿಂತೋಯ್ತು ಅಂತಾನೆ. ಬಗ್ಗಿ ನೋಡಿದ್ರೆ ನಲ್ಲಿ ಮುಚ್ಚಿದೆ. ಈ ಊರಲ್ಲಿ ನಲ್ಲಿ ಮುಚ್ಚೋ ಮಹಾತಾಯಿ ನೀನೊಬ್ಬಳೇ. ನಿನ್ನ ಸ್ಟ್ಯಾಂಡಲ್ಲಿ ಬಿಡೋನಿಗೆ ಇದು ಗೊತ್ತಿರಬೇಕಲ್ಲ? 'ನಲ್ಲಿ ನೋಡಿದ್ರಾ?' ಅಂದ್ರೆ, 'ನೀರು ಬೇಡ, ಗಾಡಿ ರೆಡಿ ಮಾಡು' ಅಂದ!"

"ಬಿಡಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ!"

"ಕಾರ್ಬೊರೇಟರ್ ಬಿಚ್ಚಬೇಕು ಅಂತ ಕೂರಿಸಿದ್ದೀನಿ. ಬೇಗ ಬಾ. ಬಿಚ್ಚಿ ಬಿಚ್ಚಿ ಇನ್ನು ಬಿಚ್ಚೋಕೆ ನನ್ನ ಅಂಗಿ ಒಂದೇ ಉಳಿದಿದೆ."

ಸ್ಟ್ಯಾಂಡು ಕಾಯಲು ಟೀ ಅಂಗಡಿಯವನನ್ನು ನಿಲ್ಲಿಸಿ ಇಬ್ಬರೂ ಹೊರಟರು. ಹೂಂ ಅಣ್ಣನ ಸೈಕಲ್ಲಿಗೆ ಆವತ್ತು ಹುಚ್ಚು ಹಿಡಿದಿತ್ತು. ಅಣ್ಣ ತುಳಿಯುತ್ತಿದ್ದಾರೆ, ಹಿಂದಿನ ಕ್ಯಾರಿಯರಿನ ಮೇಲೆ ಅಕ್ಕ, ಖಾಕಿ ಕೋಟು ಗಾಳಿಗೆ ಪಟಪಟ. "ಬೇಗ ತುಳೀರಿ!" "ಹೂಂ." "ಇನ್ನೂ ಬೇಗ!" "ಹೂಂ, ಹೂಂ." ಏರುದಾರಿಯ ತುದಿಯಲ್ಲಿ ಬೆಂಚಿನ ಮೇಲೆ ಕೂತಿದ್ದ ಇಸ್ತ್ರಿ ಅಂಗಿಯವನು ತಲೆಯೆತ್ತಿದ. ದೂರದಿಂದ ಅವನಿಗೆ ಕಂಡದ್ದು ಖಾಕಿ ಒಂದೇ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಪೊಲೀಸೇ ಬಂತೆಂದು ಚರಂಡಿ ಹಾರಿ, ಗೋಡೆ ಹಾರಿ, ಒಂದು ಚಪ್ಪಲಿ ಬಿಟ್ಟು ಪರಾರಿಯಾದ. ಎಣ್ಣೆಗೈ ಸ್ಪ್ಯಾನರ್ ಹಿಡಿದು ಗೋಡೆಯ ತನಕ ಅಟ್ಟಿ ವಾಪಸ್ಸು ಬಂದ.

ಅಕ್ಕ ಗಾಡಿಯನ್ನು ತಬ್ಬಿಕೊಳ್ಳುವುದೊಂದು ಬಾಕಿ. ಹಿಂದಕ್ಕೆ ಹೋಗಿ ನಂಬರ್ ಓದಿದಳು, ಬಾಯಿಪಾಠ ಮಾಡಿದಳು, ಠಾಣೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಎಣ್ಣೆಗೈ ಕಳ್ಳನ ಚಹರೆಯನ್ನು ಚಪ್ಪಲಿಯ ಅಳತೆಯ ಸಮೇತ ವರ್ಣಿಸಿದ. ಆಮೇಲೆ ಅಕ್ಕ ಯಜಮಾನರ ಕಡೆ ತಿರುಗಿದಳು. ಬಯ್ಯಲು ತೆರೆದ ಬಾಯಿ ಅರ್ಧಕ್ಕೇ ನಿಂತಿತು.

"ನಲ್ಲಿ ತಿರುಗಿಸ್ಕೋ ಅಂತ ಅವನಿಗೆ ಹೇಳಿದ್ರಾ?"

"ಮರೆತೆ ಕಣೇ" ಎಂದರು ಅಣ್ಣ, ತಪ್ಪಿತಸ್ಥನ ಮುಖದಲ್ಲಿ.

"ಮರೆತದ್ದೇ ಒಳ್ಳೇದಾಯ್ತು ಬಿಡಿ" ಎಂದಳು. ಅವರ ದಾಂಪತ್ಯದಲ್ಲಿ ಇಂಥ ಮಾತು ಮೊದಲ ಸಲ ಬಂದದ್ದು. ಅಣ್ಣನಿಗೆ ಹೂಂ ಎನ್ನಲೂ ತೋಚಲಿಲ್ಲ.

ಗಾಡಿ ಸಿಕ್ಕಿತು, ಆದರೆ ಕೀಲಿ? ಅದು ಕಳ್ಳನ ಜೇಬಿನಲ್ಲಿ ಗೋಡೆ ಹಾರಿತ್ತು. ಗಾಡಿಯನ್ನು ಸ್ಟ್ಯಾಂಡಿಗೆ ತಳ್ಳಿಕೊಂಡು ಬಂದು ಇದ್ದ ಜಾಗದಲ್ಲೇ ನಿಲ್ಲಿಸಿದರು. ಅಣ್ಣ ಮೆಲ್ಲಗೆ ಉಪಾಯ ತೆಗೆದರು: "ಮೊಳೆಯಿಂದ ಕೀಲಿ ಎಲ್ಲೋ ಬಿದ್ದೋಯ್ತು ಅಂದ್ರೆ?"

"ಬೆಳಿಗ್ಗೆ ಬಾಯಿ ಮುಚ್ಕೊಂಡಿದ್ದಕ್ಕೇ ಇಷ್ಟಾಯ್ತು. ಇನ್ನು ಮುಚ್ಚೋದು ನಲ್ಲಿ ಒಂದೇ" ಎಂದಳು ಅಕ್ಕ.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸು ಬಂತು. ಬೀಗರು ಕಪ್ಪು ಕನ್ನಡಕ ತೊಟ್ಟು, ಎದೆಯುಬ್ಬಿಸಿ ಇಳಿದು ಬಂದರು. "ನೋಡಿದ್ರಾ, ಬಿಟ್ಟ ಹಾಗೇ ನಿಂತಿದೆ! ನಾನು ಹೇಳಲಿಲ್ವಾ, ಮುಟ್ಟೋ ಗಂಡು ಹುಟ್ಟಿಲ್ಲ ಅಂತ?"

"ಹುಟ್ಟಿದ್ದಾನೆ, ಬೀಗರೇ" ಎಂದಳು ಅಕ್ಕ. ಮತ್ತೆ ನಿಲ್ಲದೆ ಎಲ್ಲವನ್ನೂ ಹೇಳಿದಳು. ಬಿಲ್ಲೆ ಕೊಡದ್ದು, ಬಾಯಿ ಮಾಡಿ ಕೂಗಿದ್ದು, ಸೀಟು ಒರೆಸಿಕೊಟ್ಟದ್ದು, ನಲ್ಲಿ, ಸೈಕಲ್ಲು, ಗೋಡೆ. "ತಪ್ಪು ನಂದು. ನಿಮಗೆ ಏನು ಅನ್ನಬೇಕೋ ನನಗೇ ಅನ್ನಿ. ಮನೇಲಿ ಮಗಳಿಗೆ ಒಂದು ಮಾತೂ ಬರಬಾರದು. ಕೀಲಿ ಹೋಗಿದೆ. ಹೊಸ ಬೀಗ ಹಾಕಿಸಿಕೊಡ್ತೀನಿ."

ಬೀಗರು ಕನ್ನಡಕ ತೆಗೆದರು. ಮೀಸೆ ಬಾಚುವ ಬಾಚಣಿಗೆ ತೆಗೆದರು. ಸಿಟ್ಟು ಬಂದಾಗ ಮೀಸೆ ಬಾಚುತ್ತಾರೆಂದು ಮಗಳು ಹೇಳಿದ್ದಳು. ಅವರು ಬಾಚಣಿಗೆಯನ್ನು ಮೀಸೆಗೆ ಒಯ್ಯಲಿಲ್ಲ. ಸುತ್ತ ಒಮ್ಮೆ ನೋಡಿ, ಅದರ ಚೂಪು ಬಾಲವನ್ನು ಗಾಡಿಯ ಕೀಲಿ ತೂತಿಗೆ ತೂರಿಸಿ ತಿರುಗಿಸಿದರು. ಗಾಡಿಯ ದೀಪ ಹತ್ತಿತು.

ಅಕ್ಕ ಕಣ್ಣು ಕಣ್ಣು ಬಿಟ್ಟಳು.

"ಇದಕ್ಕೆ ಕೀಲಿನೇ ಬೇಡ, ಬೀಗ್ತಿಯವರೇ" ಎಂದರು, ಡ್ರಿಲ್ ಮಾಸ್ತರರ ಗಂಟಲಿನಿಂದ ಬರಬಾರದಷ್ಟು ಸಣ್ಣ ದನಿಯಲ್ಲಿ. "ಬೀಗ ಸವೆದು ಎಷ್ಟೋ ಕಾಲ ಆಯ್ತು. ಹ್ಯಾಂಡಲ್ ಲಾಕ್ ಬೀಳಲ್ಲ. ಚಮಚ ಹಾಕಿದ್ರೂ ಸ್ಟಾರ್ಟ್ ಆಗುತ್ತೆ."

"ಮತ್ತೆ ಹಾಕಿಸಬಾರದಾಗಿತ್ತಾ?"

"ಹಾಕಿಸಬೇಕು ಅಂದ್ರೆ ಕೆಟ್ಟಿದೆ ಅಂತ ಒಪ್ಕೋಬೇಕಲ್ಲ. ಇಂಥ ಗಾಡಿ ಇಲ್ಲ ಅಂತ ಊರೆಲ್ಲ ಸಾರಿದ್ದೀನಿ. ಅದಕ್ಕೇ ಕೀಲಿ ಗಾಡೀಲೇ ಬಿಡೋದು, ಧೈರ್ಯ ಅಂತ ಕಾಣಲಿ ಅಂತ. ಮನೇಲಿ ನಿಮ್ಮ ಮಗಳಿಗೆ ಇದು ಗೊತ್ತಾಗಬಾರದು. ನನ್ನ ಮಾನ ನಿಮ್ಮ ಕೈಲಿದೆ."

ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಬೆಳಿಗ್ಗೆಯಿಂದ ಅಂಟಿದ್ದ ನಾಲಿಗೆ ಬಿಟ್ಟುಕೊಂಡಿತು. "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀರಾ? ನಡೀರಿ ಎಣ್ಣೆಗೈ ಅಂಗಡಿಗೆ! ಬೀಗ ಬದಲಾಯಿಸದೆ ಈ ಗಾಡಿ ನಿಮ್ಮೂರಿಗೆ ಹೋಗೋ ಹಾಗಿಲ್ಲ. ನಂಬರ್ ಎಷ್ಟು ಹೇಳಿ ನೋಡೋಣ? ಕಾಗದಪತ್ರ ಎಲ್ಲಿಟ್ಟಿದ್ದೀರಾ? ಸೀಟಿನ ಕೆಳಗೇ? ನನಗೆ ಗೊತ್ತಿತ್ತು!"

ಬೀಗರು ಒಂದೊಂದಕ್ಕೂ "ಹೂಂ" ಎಂದರು. ಹೂಂ ಅಣ್ಣನಿಗೆ ತನ್ನ ಜಾತಿಯವನೊಬ್ಬ ಸಿಕ್ಕಿದ ಸಂತೋಷ. ಮಗಳಿಗೆ ಅಕ್ಕ ಫೋನ್ ಮಾಡಿ, "ನಿಮ್ಮ ಮಾವ ಸ್ವಲ್ಪ ತಡವಾಗಿ ಬರ್ತಾರೆ, ಗಾಡಿ ಚೆನ್ನಾಗಿದೆ" ಎಂದಷ್ಟೇ ಹೇಳಿದಳು.

ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಬೀಗರು ಸ್ಟ್ಯಾಂಡಿಗೆ ಬಂದು, ಬ್ಯಾಂಕಿನ ಗುಮಾಸ್ತನ ಹಿಂದೆ ಸಾಲಿನಲ್ಲಿ ನಿಂತು, ಕೇಳುವ ಮುಂಚೆಯೇ ಗಾಡಿಯ ನಂಬರ್ ಒಪ್ಪಿಸಿ ಕೈ ಚಾಚಿದರು. ಅಕ್ಕ ಬಿಲ್ಲೆಯನ್ನು ಅವರ ಅಂಗೈಗೆ ಇಟ್ಟಳು.

"ಸರಪಳಿ ಕಂಬಕ್ಕೆ ಸೇರಿಸಿ ಹಾಕಿ, ಬೀಗರೇ. ಬೀಗ ಬಿತ್ತಾ ಅಂತ ಎಳೆದು ನೋಡಿ."

ಯಾವತ್ತೂ ಬೀಗುತ್ತಿದ್ದ ಬೀಗರು ಬಾಗಿ ಬೀಗ ಹಾಕಿದರು. ಎಳೆದೂ ನೋಡಿದರು. ಆಮೇಲೆ ಎದ್ದು ಮೀಸೆ ಬಾಚಿಕೊಂಡು, ಗುಮಾಸ್ತನ ಗಾಡಿಯ ಕಡೆ ಬೆರಳು ತೋರಿಸಿ ಗುಡುಗಿದರು:

"ಏನ್ರೀ, ಹ್ಯಾಂಡಲ್ ಅಲ್ಲಾಡಿಸಿ ನೋಡಿದ್ರಾ?"